ಬಾಲ್ಕನಿಗೆ ಅಡ್ಡ ಕಟ್ಟಿದ ಬಲೆ ಮತ್ತು ಮುಂದಿನ ವರ್ಷದ ತಂಡ

ಮಾನ್ಯ ಕ್ರೀಡಾ ನಿರ್ದೇಶಕರೇ,

ಕಾಲೇಜಿನ ಗೇಟಿಗೆ ತಾವು ಅಂಟಿಸಿರುವ ಪ್ರಕಟಣೆಯನ್ನು ಓದಿದೆ. ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಮುಂದಿನ ವರ್ಷ ಬುಟ್ಟಿಯ ಕೆಳಗೆ ನಿಲ್ಲಲು ಎತ್ತರದ ಒಬ್ಬ ಸೆಂಟರ್, ದೂರದಿಂದ ಗುರಿಯಿಟ್ಟು ಎಸೆಯಬಲ್ಲ ಒಬ್ಬ ಆಟಗಾರ್ತಿ ಮತ್ತು ಅಂಕಣದ ಪಕ್ಕಕ್ಕೆ ಒಂದು ಬಲೆ ಬೇಕು ಎಂದು ಅದರಲ್ಲಿದೆ. ಮೊದಲೆರಡು ಇನ್ನೂ ಸಿಕ್ಕಿಲ್ಲ. ಮೂರನೆಯದನ್ನು ಮಾತ್ರ ಎಂದೂ ಇಲ್ಲದ ಚುರುಕಿನಿಂದ ನಮ್ಮ ಬಾಲ್ಕನಿಯ ಮುಂದೆ ಕಟ್ಟಿಬಿಟ್ಟಿದ್ದೀರಿ. ಸ್ವಾಮಿ, ಎರಡನೆಯದು ಸಿಗದಿರುವುದಕ್ಕೆ ಈ ಮೂರನೆಯದೇ ಕಾರಣ. ದೂರದಿಂದ ಎಸೆಯುವವರು ತಮಗೆ ಇದ್ದರು. ಈಗ ಅವರು ಬಲೆಯ ಈಚೆ, ನಮ್ಮ ಮನೆಯಲ್ಲಿ, ಸುಮ್ಮನೆ ಕೂತಿದ್ದಾರೆ. ಅವರು ನನ್ನ ಅತ್ತೆ, ನನ್ನ ಹೆಂಡತಿಯ ತಾಯಿ.

ಸಾರ್ವಜನಿಕರು ಸಲಹೆ ನೀಡಬಹುದು ಎಂದು ಪ್ರಕಟಣೆಯ ಕೊನೆಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದೀರಿ. ಯಾರೂ ನೀಡಲಾರರೆಂಬ ಧೈರ್ಯದಿಂದಲೇ ಬರೆದಿರಬೇಕು. ಆದರೆ ನಾನು ಔಷಧಿ ಅಂಗಡಿ ನಡೆಸುವವನು. ಸಣ್ಣ ಅಕ್ಷರ ಓದುವುದೇ ನನ್ನ ಕಸುಬು.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಮಾವನವರು ತೀರಿಕೊಂಡ ಮೇಲೆ ಅತ್ತೆ ನಮ್ಮ ಮನೆಗೆ ಬಂದರು. ಜೀವನವಿಡೀ ಗಂಡನನ್ನು ಬೈದುಕೊಂಡು ಸುಖವಾಗಿದ್ದ ಹೆಂಗಸು. ನಮ್ಮಲ್ಲಿ ಬಂದವರು ತುಟಿ ಪಿಟಕ್ಕೆನ್ನಲಿಲ್ಲ. ಅಳಿಯನನ್ನು ಬೈಯಲು ಸಂಕೋಚ, ಮಗಳನ್ನು ಬೈದರೆ ಅಳಿಯ ಕೇಳಿಸಿಕೊಂಡಾನೆಂಬ ಇನ್ನೊಂದು ಸಂಕೋಚ. ಹೀಗೆ ಸೊರಗುತ್ತಿರುವಾಗ ಒಂದು ಸಂಜೆ ತಮ್ಮ ತಂಡದ ಚೆಂಡು ಕಾಂಪೌಂಡ್ ಹಾರಿ ಬಂದು, ಅವರು ಆಗಷ್ಟೇ ಒಗೆದು ಹರವಿದ್ದ ಬೆಡ್‌ಶೀಟಿನ ಮೇಲೆ ಬಿತ್ತು.

"ಯಾರೇ ಅದು? ಕಣ್ಣೇನು ಬೆನ್ನಲ್ಲಿಟ್ಕೊಂಡು ಆಡ್ತೀರಾ?" ಎಂದು ಅತ್ತೆ ಗುಡುಗಿದರು. ಎಷ್ಟೋ ತಿಂಗಳ ಮೇಲೆ ಆ ದನಿ ಕೇಳಿ ನನ್ನ ಹೆಂಡತಿ ಅಡುಗೆಮನೆಯಲ್ಲಿ ಅತ್ತುಬಿಟ್ಟಳು. ಅತ್ತೆ ಚೆಂಡನ್ನೆತ್ತಿ, ಬೈಯುತ್ತಲೇ, ನೋಡದೆಯೇ ಬೀಸಿ ಒಗೆದರು. ಅದು ನೆಟ್ಟಗೆ ಹೋಗಿ ಬುಟ್ಟಿಯೊಳಗೆ ಬಿತ್ತು. ಹಿಂದಿನ ಹಲಗೆಗೂ ತಾಗಲಿಲ್ಲ.

ಆಮೇಲಿನದು ತಮಗೂ ಗೊತ್ತಿದೆ. ಗೊತ್ತಿಲ್ಲದವರಂತೆ ಇದ್ದಿರಿ, ಅಷ್ಟೆ. ಹುಡುಗಿಯರು ಬೇಕೆಂದೇ ಚೆಂಡನ್ನು ನಮ್ಮ ಬಾಲ್ಕನಿಗೆ ಎಸೆಯತೊಡಗಿದರು. ಅತ್ತೆ ಉರಿದುಬಿದ್ದು ವಾಪಸು ಎಸೆಯುತ್ತಿದ್ದರು. ಕೋಪವಿದ್ದರೆ ಗುರಿ ತಪ್ಪುತ್ತಿರಲಿಲ್ಲ. ತಾವೊಮ್ಮೆ ಹೂಗುಚ್ಛ ಹಿಡಿದು ಬಂದು, "ಎಂಥ ಕೈ ತಾಯಿ ನಿಮ್ದು!" ಎಂದು ಹೊಗಳಿ ಹೋದಿರಲ್ಲ, ಆ ವಾರವಿಡೀ ಅವರು ಎಸೆದ ಚೆಂಡುಗಳೆಲ್ಲ ಸೈಕಲ್ ಸ್ಟ್ಯಾಂಡಿಗೆ ಬಿದ್ದವು. ಕೊನೆಗೆ ಕ್ಯಾಪ್ಟನ್ ಹುಡುಗಿಯೇ ಬಾಲ್ಕನಿಯ ಕೆಳಗೆ ನಿಂತು, "ಅಜ್ಜೀ, ನಿಮ್ ಬೆಡ್‌ಶೀಟಲ್ಲಿ ಕೊಳೆ ಇನ್ನೂ ಹಾಗೇ ಇದೆ!" ಎಂದು ಕೂಗಿ ಪರಿಸ್ಥಿತಿಯನ್ನು ಸುಧಾರಿಸಬೇಕಾಯಿತು. ನಾಯಕತ್ವ ಎಂದರೆ ಅದು.

ಇನ್ನು ಫೈನಲ್ ಪಂದ್ಯದ ವಿಚಾರ. ನಾವು ಗಂಡಹೆಂಡತಿ ಅಲ್ಲಿದ್ದೆವು. ಒಂದೇ ಅಂಕ ಹಿಂದಿದ್ದೇವೆ, ಕೊನೆಯ ನಿಮಿಷ, ಚೆಂಡು ನಮ್ಮ ಕುಳ್ಳ ಗಾರ್ಡ್ ಹುಡುಗಿಯ ಕೈಯಲ್ಲಿ, ಬುಟ್ಟಿ ಅವಳ ತಲೆಯ ಮೇಲೇ ಇದೆ, ಅಡ್ಡ ಯಾರೂ ಇಲ್ಲ. ಅವಳು ಅಭ್ಯಾಸಬಲದಿಂದ ಗರಕ್ಕನೆ ತಿರುಗಿ ಚೆಂಡನ್ನು ಗ್ಯಾಲರಿಯ ಮೇಲಂತಸ್ತಿಗೆ ಎಸೆದಳು. ಐವರೂ ಬುಟ್ಟಿಯ ಕೆಳಗೆ ಕೈ ಚಾಚಿ, ಕತ್ತೆತ್ತಿ, ಶ್ರದ್ಧೆಯಿಂದ ಕಾದರು. ಅವರನ್ನು ಕಂಡು ಎದುರಾಳಿಗಳೂ ಕತ್ತೆತ್ತಿದರು. ಮೇಲೆ ಕಡಲೆಕಾಯಿ ತಿನ್ನುತ್ತಿದ್ದ ಒಬ್ಬ ಮನುಷ್ಯನ ಮಡಿಲಿಗೆ ಚೆಂಡು ಬಿತ್ತು. ಅವನಿಗೆ ಯಾರ ಮೇಲೂ ಕೋಪವಿರಲಿಲ್ಲ. ಚೆಂಡನ್ನು ಸಭ್ಯವಾಗಿ ಪಕ್ಕದವರಿಗೆ ಕೊಟ್ಟ. ನಾವು ಸೋತೆವು.

ಇದರಿಂದ ತಾವು ಕಲಿತ ಪಾಠವೇನು? ಬಾಲ್ಕನಿಯಿಂದ ತಂಡ ಕೆಟ್ಟಿತು, ಬಲೆ ಕಟ್ಟಿ! ಅಲ್ಲ ಸ್ವಾಮಿ, ಆಟಗಾರ್ತಿಯನ್ನು ಮನೆಯಲ್ಲೇ ಬಿಟ್ಟು ಪಂದ್ಯಕ್ಕೆ ಹೋದ ತಂಡ ಸೋಲದೆ ಇನ್ನೇನು ಮಾಡೀತು? "ತಂಡದ ಬಸ್ಸಿನಲ್ಲಿ ಅತ್ತೆಯವರನ್ನು ಕರೆದೊಯ್ಯಲು ನಿಯಮದಲ್ಲಿ ಅವಕಾಶವಿಲ್ಲ" ಎಂದವರು ಯಾರು? ಅದೇ ಬಸ್ಸಿನಲ್ಲಿ ತಮ್ಮ ಭಾವಮೈದುನ ಕಿಟಕಿ ಪಕ್ಕ ಕೂತು ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರು ಯಾವ ಸ್ಥಾನದಲ್ಲಿ ಆಡುತ್ತಾರೆ?

ಹೋಗಲಿ, ಮುಂದಿನ ವರ್ಷದ ಮಾತಿಗೆ ಬರೋಣ. ಕ್ಯಾಪ್ಟನ್ನೂ ಸೆಂಟರ್ ಹುಡುಗಿಯೂ ಪದವಿ ಮುಗಿಸಿ ಹೊರಟರು. ಸೆಂಟರ್ ಜಾಗಕ್ಕೆ ತಾವು ಕಣ್ಣಿಟ್ಟಿರುವ ಕೆಮಿಸ್ಟ್ರಿ ವಿಭಾಗದ ಹುಡುಗಿಯನ್ನು ಬಾಲ್ಕನಿಯಿಂದ ನೋಡಿದ್ದೇವೆ. ಎತ್ತರವಿದ್ದಾಳೆ, ಒಪ್ಪಿದೆ. ಆದರೆ ಚೆಂಡು ಬಂದರೆ ಹಿರಿಯರು ಬಂದರೇನೋ ಎಂಬಂತೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾಳೆ. ಈ ವಿಷಯದಲ್ಲಿ ನಮ್ಮ ಊಟದ ಮೇಜಿನ ಮುಂದೆ ದೊಡ್ಡ ಜಗಳವೇ ಆಗಿದೆ.

"ಕುಳ್ಳೀನೇ ಸೆಂಟರ್ ಮಾಡ್ಲಿ ರೀ. ಎಲ್ಲರ ಮೊಣಕೈ ಕೆಳಗೆ ತೂರ್ಕೊಂಡು ಹೋಗ್ತಾಳೆ" ಎನ್ನುತ್ತಾಳೆ ನನ್ನ ಹೆಂಡತಿ.

"ಮತ್ತೆ ಮೇಲಿಂದ ಬರೋ ಚೆಂಡು ಹಿಡಿಯೋರು ಯಾರು?" ಎಂದು ನಾನು.

ಆಗ ಅತ್ತೆ, "ಆ ಉದ್ದನೇ ಹುಡುಗೀನೇ ನಿಲ್ಲಿಸ್ಲಿ ಬಿಡಿ ಅಳಿಯಂದ್ರೇ, ಬಟ್ಟೆ ಒಣಗಿಹಾಕೋಕಾದ್ರೂ ಆಗ್ತಾಳೆ. ತಂಡದಲ್ಲಿರೋ ಆ ಜಡೆಯವಳಿಗೆ ಮಾತ್ರ ಚೆಂಡು ಕೊಡ್ಬಾರ್ದು. ಒಬ್ಬಳೇ ಮಗಳಿರ್ಬೇಕು ಅದು, ಹಂಚ್ಕೊಂಡು ಗೊತ್ತೇ ಇಲ್ಲ" ಎಂದರು. ತಮ್ಮ ಆಯ್ಕೆ ಸಮಿತಿಯಲ್ಲಿ ಇಷ್ಟು ಸ್ಪಷ್ಟವಾಗಿ ಮಾತಾಡುವವರು ಯಾರಾದರೂ ಇದ್ದಾರೆಯೇ?

ಈ ಚರ್ಚೆ ನಡೆದದ್ದು ಬಲೆ ಬರುವ ಮೊದಲು. ಬಲೆ ಕಟ್ಟಿದಾಗ, ನಿಜ ಹೇಳುತ್ತೇನೆ, ನನಗೆ ಭಯವಾಗಿತ್ತು. ಇಷ್ಟು ದಿನ ಬುಟ್ಟಿಗೆ ಹೋಗುತ್ತಿದ್ದ ಕೋಪವೆಲ್ಲ ಇನ್ನು ನನ್ನ ತಲೆಯ ಮೇಲೆ ಎಂದು ಲೆಕ್ಕ ಹಾಕಿ, ಅಂಗಡಿಯಿಂದ ತಡವಾಗಿ ಬರತೊಡಗಿದೆ. ಬಲೆ ಬರುವ ಹೊತ್ತಿಗಾಗಲೇ ಅವರ ಸಂಕೋಚ ಹೋಗಿತ್ತು. ಬಾಗಿಲಿಗೆ ಅಡ್ಡ ಬಿಟ್ಟ ನನ್ನ ಚಪ್ಪಲಿಗೆ, "ಅಳಿಯಂದ್ರೇ, ಇದೇನು ಮನೆಯೋ ಬಸ್ ಸ್ಟ್ಯಾಂಡೋ?" ಎಂದು ದಿನವೂ ಬೈಯುತ್ತಿದ್ದರು.

ನನ್ನ ಲೆಕ್ಕ ತಪ್ಪಿತು. ಅವರು ಬೈಯುವುದನ್ನೇ ನಿಲ್ಲಿಸಿದರು. ಚಪ್ಪಲಿಯನ್ನು ತಾವೇ ಬಗ್ಗಿ ಎತ್ತಿ ಪಕ್ಕಕ್ಕಿಟ್ಟು ಒಳಗೆ ಹೋಗುತ್ತಾರೆ. ಮನೆ ಬಿಕೋ ಎನ್ನುತ್ತಿದೆ.

ಮೊನ್ನೆ ಒಂದು ಚೆಂಡು ಬಂದು ಬಲೆಯ ಮೇಲ್ಭಾಗದಲ್ಲಿ, ಸರಿಯಾಗಿ ನಮ್ಮ ಬಾಲ್ಕನಿಯ ಎದುರಿಗೆ ಸಿಕ್ಕಿಕೊಂಡಿತು. ತಮ್ಮವರು ಯಾರೂ ಬಿಡಿಸಿಲ್ಲ. ನಿನ್ನೆ ಸಂಜೆ ನೋಡಿದರೆ ಅತ್ತೆ ಬಾಲ್ಕನಿಯಲ್ಲಿ ತುದಿಗಾಲಲ್ಲಿ ನಿಂತು, ಪೊರಕೆಯ ಹಿಡಿಯಿಂದ ಅದನ್ನು ತಿವಿಯುತ್ತಿದ್ದರು. ಎಟುಕುತ್ತಿರಲಿಲ್ಲ.

"ಏನ್ ಮಾಡ್ತಿದ್ದೀರಿ ಅತ್ತೆ?" ಎಂದೆ.

"ಏನಿಲ್ಲ ಅಳಿಯಂದ್ರೇ. ಬಟ್ಟೆ ಒಣಗಿದ್ಯಾ ಅಂತ ನೋಡ್ತಿದ್ದೆ" ಎಂದರು.

ತಂತಿಯ ಮೇಲೆ ಒಂದು ಕರವಸ್ತ್ರವೂ ಇರಲಿಲ್ಲ.

ಆದ್ದರಿಂದ ನನ್ನ ಆಗ್ರಹ ಇಷ್ಟೇ. ಬಲೆ ಬೇಕಿದ್ದರೆ ಇರಲಿ, ನಮ್ಮ ಬಾಲ್ಕನಿಯ ಎದುರಿಗೆ ಒಂದು ಚೆಂಡು ಹೋಗಿಬರುವಷ್ಟು ಕಿಂಡಿ ಬಿಡಿ. ಹೊರಗಿನ ಪಂದ್ಯಗಳಿಗೆ ಬಸ್ಸಿನಲ್ಲಿ ಒಂದು ಕಿಟಕಿ ಸೀಟು ಕೊಡಿ. ತಮ್ಮ ಭಾವಮೈದುನ ಸ್ವಲ್ಪ ಸರಿದು ಕೂರಲಿ. ದಯವಿಟ್ಟು ಹೂಗುಚ್ಛ ತರಬೇಡಿ. ಬರುವುದಾದರೆ ಕೊಳೆ ಬೂಟು ಹಾಕಿಕೊಂಡು ಬಂದು, ನಾವು ಒರೆಸಿದ ನೆಲದ ಮೇಲೆ ಒಂದು ಸುತ್ತು ನಡೆದು ಹೋಗಿ. ಉಳಿದದ್ದನ್ನು ಅತ್ತೆ ನೋಡಿಕೊಳ್ಳುತ್ತಾರೆ.

ಈ ಪತ್ರ ಬರೆಯಲು ಕೂರುವ ಮೊದಲು ನನ್ನ ಎರಡೂ ಚಪ್ಪಲಿಗಳನ್ನು ಬೇಕೆಂದೇ ಬಾಗಿಲಿಗೆ ಅಡ್ಡ ಬಿಟ್ಟು ಬಂದಿದ್ದೇನೆ. ಅತ್ತೆ ಆಗಲೇ ಎರಡು ಸಲ ದಾಟಿ ಹೋದರು. ಇನ್ನೂ ಏನೂ ಕೇಳಿಸಿಲ್ಲ.

ಇಂತಿ,
ಒಂದು ಬೈಗುಳಕ್ಕಾಗಿ ಕಿವಿ ತೆರೆದು ಕೂತಿರುವ,
ಬಲೆಯ ಈಚೆಗಿನ ಮನೆಯ ಅಳಿಯ