ಎರಡು ಗೆರೆಯ ಆಚೆ

ಸೋಮವಾರ, ಸಂಜೆ

ಪ್ರೀತಿಯ ಪುಟ್ಟಿಗೆ, ಸಾವಿರಕ್ಕೊಬ್ಬನಾದ ನಿನ್ನ ಸೋದರಮಾವನ ಆಶೀರ್ವಾದಗಳು.

ನಿನ್ನ ಅಪ್ಪ ಚೆನ್ನಾಗಿದ್ದಾರೆ. ಲಕ್ವ ಹೊಡೆದು ಮಾತು ನಿಂತಿದೆ, ಅಷ್ಟೇ. ಎದೆಯ ಮೇಲೆ ಸ್ಲೇಟು ಇಟ್ಟರೆ ಬರೆಯುತ್ತಾರೆ. ಆದರೆ ಬರೆಯುವುದೆಲ್ಲ ಲೈಬ್ರರಿಯಲ್ಲಿ ಪುಸ್ತಕ ಹುಡುಕಲು ಅವರು ಬರೆದಿಡುತ್ತಿದ್ದ ವಿಷಯದ ಕಾರ್ಡುಗಳ ಧಾಟಿಯಲ್ಲಿ! ಮೊದಲ ದಿನ "ಚಹಾ--ಬಿಸಿ--ಕೊರತೆ" ಅಂತ ಬರೆದರು. ನರ್ಸಮ್ಮ, "ಪಾಪ, ತಲೆನೂ ಹೋಯ್ತಾ?" ಅಂದಳು. ನಾನು ಬಿಡುತ್ತೇನೆಯೇ? "ಮೊದಲು ದೊಡ್ಡ ವಿಷಯ, ಆಮೇಲೆ ಎರಡು ಗೆರೆ, ಗೆರೆಯ ಆಚೆ ಅದರ ಹೊಟ್ಟೆಯೊಳಗಿನ ಚಿಕ್ಕ ವಿಷಯ. ಚಹಾ ತಣ್ಣಗಿದೆ ಕಣಮ್ಮ" ಅಂದೆ. ಮರುದಿನ "ದಿಂಬು, ಎತ್ತರದ" ಅಂತ ಬಂತು. ಅಲ್ಪವಿರಾಮ ಕಂಡರೆ ಹಿಂದುಮುಂದು ಮಾಡಿ ಓದಬೇಕು. ಅದೂ ನನಗೆ ಹೊಳೆಯಿತು. ಏಳನೇ ಕ್ಲಾಸಿನಲ್ಲಿ ನಾನು ಶಾಲೆಗೇ ಮೊದಲಿಗ. ಆ ವರ್ಷ ಏಳನೆಯಲ್ಲಿ ಇದ್ದವನು ನಾನೊಬ್ಬನೇ ಅನ್ನುವುದು ಬೇರೆ ಮಾತು.

"ನೀವೂ ಲೈಬ್ರರಿಯಲ್ಲಿದ್ರಾ?" ಎಂದು ನರ್ಸಮ್ಮ ಕೇಳಿದಳು. "ನಾನಿಲ್ದೆ ಆ ಲೈಬ್ರರಿ ಎಲ್ಲಿತ್ತು!" ಅಂದೆ. ಕಿಟಕಿಗಳಿಗೆ ಬಣ್ಣ ಬಳಿಯಲು ಹೋಗಿದ್ದೆ ಅಂತ ಬಾಯಿ ಬಿಡಲಿಲ್ಲ.

ನಿಮ್ಮಿಬ್ಬರ ಜಗಳದಲ್ಲಿ ನಾನು ತೀರ್ಪು ಕೊಡುವುದಿಲ್ಲ. ಭಾವ ನಿವೃತ್ತರಾದ ಮೇಲೆ ಅವರ ಕುರ್ಚಿಯಲ್ಲಿ ಕೂತವಳು ನೀನು. ಕಾರ್ಡುಗಳನ್ನು ಕಂಪ್ಯೂಟರಿಗೆ ಏರಿಸುವಾಗ ಅವರು ಹಾಕಿದ್ದ ಗೆರೆಗಳನ್ನೆಲ್ಲ ಕಿತ್ತೆ. "ಹುಡುಕಿದ್ರೆ ಪದ ಸಿಗುತ್ತಲ್ಲಪ್ಪ, ಗೆರೆ ಯಾರಿಗೆ ಬೇಕು?" ಅಂದೆಯಂತೆ. "ಹಾಗಾದ್ರೆ ಅಪ್ಪನೂ ಬೇಡ, ನಡಿ" ಅಂದರಂತೆ. ನಿನಗೆ ಅದು ಕೆಲಸ, ಅವರಿಗೆ ಆಯಸ್ಸು. ಅಂದಿನಿಂದ ನೀನು ಈ ಬೀದಿಯನ್ನೇ ತುಳಿದಿಲ್ಲ.

ನಿನ್ನೆ ಯಾರೂ ಕೇಳದೆ ಸ್ಲೇಟು ಎಳೆದುಕೊಂಡು "ಮಗಳು--" ಅಂತ ಬರೆದರು. ಕೈ ಅಲ್ಲೇ ನಿಂತಿತು. "ಏನು ಭಾವ, ಕೋಪಾನಾ?" ಅಂದೆ. ಅಲ್ಲವೆಂದು ಕಣ್ಣು ಮುಚ್ಚಿದರು. ಬಳಪವನ್ನು ನನ್ನ ಕಡೆಗೆ ತಳ್ಳಿದರು.

ನಿನಗೂ ಕೆಲಸ ಇರುತ್ತದೆ. ಬಿಡುವಾದಾಗ ಬಂದು ಹೋಗು, ಅವಸರವೇನಿಲ್ಲ.

ನಿನ್ನ ಬಡಾಯಿ ಮಾವ

ತಾ.ಕ.: ಅವಸರವಿದೆ ಪುಟ್ಟಿ. ಮಗಳಿದ್ದರೆ ಬೇಗ ಕರೆಸಿ ಅಂದರು ಡಾಕ್ಟರು. ಭಾವ ಅರ್ಧಕ್ಕೆ ಬಿಟ್ಟ ಆ ಗೆರೆಗಳ ಆಚೆ ನಾನು "ಬರ್ತಾಳೆ" ಅಂತ ಬರೆದುಬಿಟ್ಟೆ. ಕಾರ್ಡಿಗೆ ಸಲ್ಲುವ ಪದಗಳ ಅವರ ಪಟ್ಟಿಯಲ್ಲಿ ಅಂಥ ಪದವೇ ಇರಲಾರದು. ಅಂಥದ್ದು ಕಂಡರೆ ತಕ್ಷಣ ಒರೆಸುವ ಮನುಷ್ಯ. ಒರೆಸಲಿಲ್ಲ. ಬೆಳಗ್ಗೆಯಿಂದ ನರ್ಸಮ್ಮ ತೊಳೆಯಲು ಕೇಳಿದರೂ ಸ್ಲೇಟು ಕೊಡುತ್ತಿಲ್ಲ.