ಸುತ್ತಿಗೆ ಬೀಳುವ ಮೊದಲು

ಬುಧವಾರ, ಬೆಳಿಗ್ಗೆ

ಪ್ರೀತಿಯ ಅಕ್ಕ,

ಎದುರಿಗೆ ನಿಂತರೆ ನನ್ನ ಮಾತು ಮುಗಿಸಲು ನೀನು ಬಿಡುವುದಿಲ್ಲ, ನಿನ್ನದನ್ನು ನಾನೂ ಬಿಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು, ಆಮೇಲೆ ಬೈಯುವೆಯಂತೆ.

ನಿನ್ನೆ ಸೈಟ್ ಆಫೀಸಿನಲ್ಲಿ ಎಲ್ಲರ ಮುಂದೆ ನೀನು, ‘ನನ್ನ ತಂಗಿಯ ಮೀನಿಗೆ ಜೋಗುಳ ಹಾಡಿಕೊಂಡು ಕೂತರೆ ಈ ಹಡಗುಕಟ್ಟೆ ಕಟ್ಟೋರು ಯಾರು?’ ಅಂದೆ. ಎಲ್ಲರೂ ನಕ್ಕರು. ನನಗೂ ನಗು ಬಂತು, ಆದರೆ ಮೈ ಉರಿದುಹೋಯಿತು. ಅದು ಮೀನಲ್ಲ, ತಿಮಿಂಗಿಲ ಅಂತ ಮುಖ್ಯ ಎಂಜಿನಿಯರಮ್ಮನಾದ ನಿನಗೆ ಇನ್ನೆಷ್ಟು ಸಲ ಹೇಳಲಿ?

ಯಂತ್ರದ ಸುತ್ತಿಗೆಯಿಂದ ಸಮುದ್ರದ ತಳಕ್ಕೆ ಕಂಬ ಬಡಿಯುವ ಮುನ್ನ ನಾನು ನೀರಿಗೆ ಮೈಕ್ ಇಳಿಸಿ ಅರ್ಧ ಗಂಟೆ ಕೇಳಬೇಕು. ತಿಮಿಂಗಿಲದ ದನಿ ಕೇಳಿದರೆ ಕೆಲಸ ನಿಲ್ಲಬೇಕು, ಇಲ್ಲದಿದ್ದರೆ ಸುತ್ತಿಗೆ ಬೀಳಬಹುದು. ಆದರೆ ಎಳೆಮರಿಯಿರುವ ತಾಯಿ ಗಟ್ಟಿಯಾಗಿ ಕೂಗುವುದೇ ಇಲ್ಲ ಅಕ್ಕ. ಬೇಟೆಯಾಡುವ ಪ್ರಾಣಿಗಳು ಬಂದಾವೆಂದು ಮರಿಯೊಡನೆ ಪಿಸುಗುಟ್ಟುತ್ತದೆ. ಆ ಪಿಸುದನಿ ನನ್ನ ಮೈಕಿಗೆ ಸಿಗುವುದಿಲ್ಲ, ಸುತ್ತಿಗೆಯ ಸದ್ದಿನಲ್ಲಿ ಮರಿಗೂ ಮುಟ್ಟುವುದಿಲ್ಲ.

ಸೋಮವಾರ ಹಾಗೇ ಆಯಿತು. ಮೈಕಿನಲ್ಲಿ ಏನೂ ಕೇಳಿಸಿರಲಿಲ್ಲ, ಆದರೆ ಸುತ್ತಿಗೆ ಬಿದ್ದದ್ದೇ ತಡ, ತಾಯಿ ಮರಿ ಬೇರೆಯಾದದ್ದನ್ನು ದೋಣಿಯಿಂದ ಕಂಡೆ. ಸದ್ದು ನಿಲ್ಲುವವರೆಗೂ ಮರಿ ಒಂಟಿಯಾಗಿ ಸುತ್ತುತ್ತಲೇ ಇತ್ತು. ತಾಯಿಯೂ ಸೊರಗಿದೆ. ಗದ್ದಲವಿದ್ದಲ್ಲಿ ಅವು ಸರಿಯಾಗಿ ಮೇಯುವುದಿಲ್ಲ. ತಾಯಿ ಬಡವಾದರೆ ಹಾಲು ಬತ್ತುತ್ತದೆ, ಮುಂದೆ ಮರಿ ಹುಟ್ಟುವುದೂ ಕಡಿಮೆಯಾಗುತ್ತದೆ. ಈ ಹಿಂಡಿನಲ್ಲಿ ಈ ವರ್ಷ ಹುಟ್ಟಿದ್ದು ಅದೊಂದೇ.

ನಿನ್ನ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಗಾಳಿ ಏಳುವುದರೊಳಗೆ ಕಂಬಗಳು ನಿಲ್ಲದಿದ್ದರೆ ಎಲ್ಲರೂ ನಿನ್ನ ಮೇಲೇ ಬೀಳುತ್ತಾರೆ. ನಾನು ಕೇಳಿದ್ದು ಎರಡು ದಿನ, ಅಷ್ಟರಲ್ಲಿ ಅವು ಕೊಲ್ಲಿ ದಾಟುತ್ತವೆ. ನೀನು ಎರಡು ಗಂಟೆಯನ್ನೂ ಕೊಡಲ್ಲ ಅಂದೆ.

ಈಗಷ್ಟೇ ನೀರಿಗೆ ಮೈಕ್ ಇಳಿಸಿ ಕೇಳಿ ಬಂದೆ. ಏನೂ ಕೇಳಿಸಲಿಲ್ಲ. ಕೇಳಿಸಿತು ಎಂದುಬಿಡಬಹುದಿತ್ತು, ನಾಲಿಗೆ ತುದಿಯವರೆಗೂ ಬಂದಿತ್ತು. ನಿನಗೆ ಸುಳ್ಳು ಹೇಳಲಾರೆ. ನಿಯಮದ ಪ್ರಕಾರ ನೀನು ಶುರು ಮಾಡಬಹುದು. ಆದರೂ ಬೇಡುತ್ತೇನೆ, ತಡೆ. ನನಗೆ ತುಂಬಾ ಭಯವಾಗುತ್ತಿದೆ.

ಸಿಟ್ಟಿದ್ದರೂ ನಿನ್ನವಳೇ,
ತಂಗಿ

ತಾ.ಕ.: ಪತ್ರವನ್ನು ಕ್ಯಾಂಟೀನಿನವರ ಕೈಗೆ ಕೊಟ್ಟು ಒಬ್ಬಳೇ ದೋಣಿ ಹತ್ತುತ್ತಿದ್ದೇನೆ. ನೀನಿದನ್ನು ಓದುವ ಹೊತ್ತಿಗೆ ಕಂಬದ ಬುಡದಲ್ಲೇ ಲಂಗರು ಹಾಕಿರುತ್ತೇನೆ. ಅಲ್ಲಿ ಮನುಷ್ಯರಿದ್ದರೆ ಸುತ್ತಿಗೆ ಎತ್ತುವಂತಿಲ್ಲ ಎಂಬ ನಿಯಮ ನೀನೇ ಮಾಡಿದ್ದು. ಮನುಷ್ಯರ ದನಿ ಕೇಳಿಸಲೇಬೇಕೆಂದೇನಿಲ್ಲ, ಇದ್ದರೆ ಸಾಕು. ಬ್ರೆಡ್ಡು, ಕುಡಿಯುವ ನೀರು ಎರಡು ದಿನಕ್ಕಾಗುವಷ್ಟು ಇಟ್ಟುಕೊಂಡಿದ್ದೇನೆ.