ದ್ವೀಪದ ಪರವಾನಗಿ

ಮನೆ, ಅಡುಗೆಮನೆಯ ಮೇಜು
ಮಾರ್ಚ್ ೪, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಕಪ್ಪೆಮರೀ,

ಹೇಗಿದ್ದೀಯ? ಉಪ್ಪುನೀರಿನಲ್ಲಿ ಮುಳುಗಿ ಮುಳುಗಿ ಕಿವಿನೋವು ಬಂದಿದೆ ಎಂದು ಬರೆದಿದ್ದೆಯಲ್ಲ, ವಾಸಿಯಾಯಿತೇ? ಹವಳ ಎಣಿಸುವ ಭರದಲ್ಲಿ ಊಟ ಮರೆಯಬೇಡ, ಅವು ಎಲ್ಲಿಗೂ ಓಡಿಹೋಗುವುದಿಲ್ಲ. ಮಂಡಿಯೊಂದು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ಫೋನು ಸಿಗದ ಜಾಗದಲ್ಲಿ ಕೆಲಸ ಹಿಡಿದಿದ್ದೀಯ, ಹಾಗಾಗಿ ನಮಗೆ ಪತ್ರವೇ ಗತಿ.

ಅಂತೂ ಇಂತೂ ಪರವಾನಗಿ ಬಂತು. ಹದಿಮೂರನೇ ತಾರೀಖು ಗುರುವಾರದ ದೋಣಿ, ಇಬ್ಬರಿಗೆ, ಎರಡು ದಿನ. ಆಮೆಗಳು ಮೊಟ್ಟೆಯಿಡಲು ಬರುತ್ತವೆಂದು ನಿನ್ನ ದ್ವೀಪಕ್ಕೆ ಏಳು ತಿಂಗಳು ಬೀಗ ಹಾಕುವ ಮೊದಲಿನ ಕೊನೆಯ ದೋಣಿಯಂತೆ ಅದು. ಮುಂದಿನ ವರ್ಷ ನೋಡೋಣ ಎನ್ನುವ ಹಾಗಿಲ್ಲ ಮಗಳೇ. ನಿಮ್ಮಪ್ಪನ ಕೈನಡುಕ ಕಾಲಿಗೂ ಇಳಿಯುತ್ತಿದೆ, ವರ್ಷ ಕಳೆದರೆ ದೋಣಿ ಹತ್ತಿಸುವುದು ಕಷ್ಟ ಎಂದು ಡಾಕ್ಟರು ನನ್ನೊಬ್ಬಳಿಗೇ ಹೇಳಿದ್ದಾರೆ.

ಅವರ ಸಡಗರ ನೀನು ನೋಡಬೇಕಿತ್ತು. ನೀನು ಕಳಿಸಿದ ಈಜುಗನ್ನಡಕ ಹಾಕಿಕೊಂಡು ದಿನಾ ಬೆಳಿಗ್ಗೆ ಬಚ್ಚಲಿನ ಬಕೆಟ್ಟಿಗೆ ಮುಖ ಅದ್ದಿ ಮೂವತ್ತರವರೆಗೆ ಎಣಿಸುತ್ತಾರೆ. ಏನು ಕಾಣಿಸಿತು ಎಂದು ಕೇಳಿದರೆ, "ಬಕೆಟ್ಟಿನ ತಳ ತೊಳೆದಿಲ್ಲ ನೀನು" ಎನ್ನುತ್ತಾರೆ. ನಿಯಮಗಳ ಹಾಳೆ ಪೂರ್ತಿ ಬಾಯಿಪಾಠ. ಸೋಪು ಕೂಡದು, ಪ್ಲಾಸ್ಟಿಕ್ ಕೂಡದು, ಬರುವಾಗ ಒಂದು ಚಿಪ್ಪನ್ನೂ ತರಕೂಡದು. ನನ್ನ ಚೀಲವನ್ನು ಎರಡು ಸಲ ಜಾಲಾಡಿ ಬಾಚಣಿಗೆಯನ್ನೂ ಎತ್ತಿಟ್ಟರು. ತಲೆ ಕೆದರಿಕೊಂಡು ಯಾರಾದರೂ ಇಳಿದರೆ ಅವಳೇ ನಿನ್ನ ಅಮ್ಮ ಎಂದು ತಿಳಿದುಕೋ.

ಆದರೆ ಆ ಪರವಾನಗಿಗೆ ಪಟ್ಟ ಪಾಡು ನಾಯಿಗೂ ಬೇಡ. ಅರ್ಜಿ ಎರಡು ಸಲ ವಾಪಸು ಬಂತು. ಗುರುತಿನ ಚೀಟಿಯ ಸಹಿಗೂ ಅರ್ಜಿಯ ಸಹಿಗೂ ತಾಳೆಯಿಲ್ಲ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರು. ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಕೂತು ಊರಿನವರ ಸಹಿ ತಾಳೆ ನೋಡಿದ ನಿಮ್ಮಪ್ಪನಿಗೆ ಈ ಮಾತು. ಮೊದಲ ಸಲ ಉರಿದುಬಿದ್ದರು. ಎರಡನೆಯ ಸಲ ಹಾಳೆಯನ್ನು ನಾಲ್ಕಾಗಿ ಮಡಚಿ ಪೆಟ್ಟಿಗೆಯ ತಳದಲ್ಲಿಟ್ಟರು, ನನಗೆ ಭಯವಾಗಿದ್ದು ಆಗಲೇ. ಹೆಬ್ಬೆಟ್ಟು ಒತ್ತಿದರೂ ನಡೆಯುತ್ತದೆ ಎಂದು ಕಚೇರಿಯವರು ಫೋನಿನಲ್ಲಿ ಹೇಳಿದರು. "ಅಕ್ಷರ ಬಾರದವನಾ ನಾನು?" ಎಂದು ಇವರು ಅರ್ಧ ಊಟಕ್ಕೇ ಎದ್ದುಬಿಟ್ಟರು. ಆಮೇಲೆ ಹಳೇ ಪೇಪರುಗಳ ಅಂಚಿನ ತುಂಬ ಸಹಿ ಹಾಕಿ ಹಾಕಿ ಅಭ್ಯಾಸ ಮಾಡಿದರು. ಇರುವೆ ಸಾಲಿನ ಮೇಲೆ ನೀರು ಚೆಲ್ಲಿದ ಹಾಗಿತ್ತು ಒಂದೊಂದೂ. ಪಕ್ಕದಲ್ಲಿ ಕೂತು ಸುಮ್ಮನೆ ನೋಡುವುದು ಬಿಟ್ಟು ನನ್ನಿಂದ ಏನೂ ಆಗಲಿಲ್ಲ. ಕೊನೆಗೆ ಮೂರನೆಯ ಅರ್ಜಿ ಪಾಸಾಯಿತು.

ನಿನ್ನ ಕೈಕಾಲು ಗಟ್ಟಿಯಾಗಿರಲಿ, ಕಿವಿ ಚೆನ್ನಾಗಿರಲಿ, ನಿನ್ನ ಆಮೆಗಳ ವಂಶ ಬೆಳೆಯಲಿ. ಅಪ್ಪನೂ ಆಶೀರ್ವಾದ ತಿಳಿಸಿದ್ದಾರೆ.

ನಿನ್ನ ದಾರಿ ಕಾಯುತ್ತಿರುವ
ಅಮ್ಮ

ಮತ್ತೆ: ನಿಮ್ಮಪ್ಪ ಪೇಟೆಗೆ ಹೋಗಿದ್ದಾರೆ, ಬರುವುದರೊಳಗೆ ಬರೆದುಬಿಡುತ್ತೇನೆ. ಮೂರನೆಯ ಅರ್ಜಿಯ ಸಹಿ ನನ್ನದು. ಅವರು ಕೊಟ್ಟ ಹಾಳೆಯನ್ನು ಅಂಚೆಗೆ ಹಾಕುತ್ತೇನೆಂದು ಒಯ್ದು, ಹರಿದುಹಾಕಿ, ಬೇರೆ ಹಾಳೆಗೆ ನಾನೇ ಅವರ ಹಳೇ ಸಹಿ ಹಾಕಿ ಕಳಿಸಿದೆ. ಪರವಾನಗಿಯ ಜೊತೆ ಅದರ ಪ್ರತಿಯೂ ಬಂತು. ಕಳ್ಳ ಸಹಿಯನ್ನು ಮಾರುದೂರದಿಂದ ಹಿಡಿಯುತ್ತಿದ್ದವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ನೋಡಿದೆಯಾ, ಕೈ ಮೊದಲಿನ ಹಾಗೇ ಆಗಿದೆ" ಎಂದರು. ಅವತ್ತಿನಿಂದ ಪೆನ್ನು ಮುಟ್ಟಿಲ್ಲ, ನಡುಕದ ಮಾತ್ರೆಯನ್ನೂ ಮುಟ್ಟಿಲ್ಲ. ದೋಣಿ ಹತ್ತುವ ಮೊದಲು ದ್ವೀಪದ ಕಾವಲಿನವರ ಎದುರು ಇನ್ನೊಮ್ಮೆ ಸಹಿ ಹಾಕಬೇಕಂತೆ, ನನಗೆ ಗೊತ್ತಿರಲಿಲ್ಲ. ಇವತ್ತು ಪರವಾನಗಿಯ ಹಿಂಬದಿ ಓದಿ ಹೇಳಿದವರೂ ನಿಮ್ಮಪ್ಪನೇ. "ಅದಕ್ಕೇನು, ಹಾಕಿದರಾಯಿತು" ಎಂದು ನಕ್ಕರು. ಹೇಳಲು ಬಾಯಿ ಬರುತ್ತಿಲ್ಲ, ಹೇಳದೆ ಹೊರಡಲು ಧೈರ್ಯವಿಲ್ಲ. ಏನು ಮಾಡಲಿ, ಬೇಗ ಬರೆ ಎನ್ನೋಣವೆಂದರೆ, ದೋಣಿ ವಾರಕ್ಕೊಂದೇ, ಈ ಪತ್ರ ನಾಡಿದ್ದಿನ ದೋಣಿಯಲ್ಲಿ ನಿನಗೆ ಸಿಗುತ್ತದೆ, ನಿನ್ನ ಉತ್ತರ ಹೊತ್ತು ಬರುವುದು ನಾವು ಹತ್ತಬೇಕಾದ ದೋಣಿಯೇ.